ಕುಂಚಾವರಂನಲ್ಲಿ ನಿಲ್ಲದ ಬೆಳಕಿನ ಕಂಬಗಳು

ಎರಡು ವರ್ಷದ ಹಿಂದಿನ ಮಾತು. ಶಹಾಬಾದಿನಲ್ಲಿ ಮದುವೆ, ಮೆರವಣಿಗೆಗಳಿಗೆ ಲೈಟು ಹಾಕುವ ಕೆಲಸ ಹಿಡಿದು ಆಗಲೇ ಇಪ್ಪತ್ತೆರಡು ವರ್ಷವಾಗಿತ್ತು. ಸಣ್ಣ ಬಲ್ಬಿನ ಸೀರಿಯಲ್ ಸೆಟ್ಟಿನಿಂದ ಶುರು ಮಾಡಿ ಡಿಜೆ ಲೈಟಿನವರೆಗೆ ಬಂದಿದ್ದೆ. ಲೈಟಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬಾರದು ಎಂಬ ಸೊಕ್ಕೂ ಅಷ್ಟೇ ಬೆಳೆದಿತ್ತು.

ಆ ವರ್ಷ ವಾಡಿಯ ಇಸ್ಮಾಯಿಲ್ ಮತ್ತು ನಾನು ಕೂಡಿ ಹೊಸ ಡಿಜೆ ಸೆಟ್ ಮಾಡಿದೆವು. ಸೌಂಡು ಅವನದು, ಲೈಟು ನನ್ನದು. ಲೈಟಿನಲ್ಲಿ ಮುಖ್ಯವಾಗಿ ಎರಡು ಜಾತಿ. ಪಾರ್ ಲೈಟು ಬಣ್ಣವನ್ನು ಅಗಲವಾಗಿ ಚೆಲ್ಲುತ್ತದೆ. ಗೋಡೆ, ಪರದೆ, ಕುಣಿಯುವವರ ಮೈ ಎಲ್ಲಕ್ಕೂ ಬಣ್ಣ ಬರುತ್ತದೆ. ಬೀಮ್ ಲೈಟು ಬೆಳಕನ್ನು ಸಪೂರ ಕಂಬದಂತೆ ಎತ್ತಿ ನಿಲ್ಲಿಸುತ್ತದೆ, ತಲೆ ತಿರುಗಿಸಿ ಆ ಕಂಬವನ್ನೇ ಆಡಿಸುತ್ತದೆ. ಇಸ್ಮಾಯಿಲ್ ಹನ್ನೆರಡು ಪಾರ್, ಎರಡು ಬೀಮ್, ಒಂದು ಹೊಗೆ ಮಷೀನ್ ಅಂದ. ನಾನು ಪಾರ್ ಬೇಡ, ಆರು ಬೀಮೇ ಇರಲಿ, 230 ವ್ಯಾಟಿನವು, ಅಂದೆ.

"ಕಾಕಾ, ಬೀಮಿಗಿ ಹೊಗಿ ಬೇಕೇ ಬೇಕ್ರಿ. ಹೊಗಿ ಇಲ್ಲಂದ್ರ ಕಂಬ ಕಾಣಲ್ಲ."

"ಏ, ಮದುವಿ ಮಾಡ್ಲಿಕ್ಕ ಹೊಂಟೀಯೋ, ಸೊಳ್ಳಿ ಓಡಿಸ್ಲಿಕ್ಕ ಹೊಂಟೀಯೋ?"

ಲೈಟು ಬಂದ ದಿನ ಕತ್ತಲಾದ ಮೇಲೆ ನಮ್ಮ ಮನೆಯ ಹಿಂದಿನ, ನೆಲಕ್ಕೆ ಹಾಸುವ ಪರ್ಸಿ ಕಲ್ಲು ಪಾಲಿಶ್ ಮಾಡುವ ಅಂಗಳದಲ್ಲಿ ಆರನ್ನೂ ಹಚ್ಚಿದೆ. ಅಬ್ಬಾ! ಆರು ಬಿಳಿ ಕಂಬ ಆಕಾಶಕ್ಕೆ ಆನಿಕೊಂಡು ನಿಂತವು. ಕೆಲಸದವರೆಲ್ಲ ಮಷೀನ್ ಬಂದ್ ಮಾಡಿ ಹೊರಗೆ ಬಂದರು. ಹೊಗೆ ಎಲ್ಲಿದೆ ತೋರಿಸು ಎಂದು ಇಸ್ಮಾಯಿಲನ ಬೆನ್ನಿಗೆ ಗುದ್ದಿದೆ. ಅವನು ತಲೆ ಕೆರೆದುಕೊಂಡ.

ಶಹಾಬಾದಿನ ಒಂದು ಮದುವೆಯಲ್ಲಿ ಆ ಕಂಬಗಳನ್ನು ನೋಡಿದವಳು ಸರಿತಾ. ತೆಲಂಗಾಣದ ಗಡಿಗೆ ಹತ್ತಿದ ಕುಂಚಾವರಂ ಕಡೆಯ ಹುಡುಗಿ, ಶಾಲೆಯಲ್ಲಿ ಆಟ ಕಲಿಸುವ ಟೀಚರ್. ಅಲ್ಲೇ ನನ್ನನ್ನು ಹುಡುಕಿಕೊಂಡು ಬಂದಳು.

"ಅಂಕಲ್, ನನ್ನ ಮದುವಿಗಿ ಇವೇ ಬೇಕ್ರಿ. ನಮ್ಮ ಅಜ್ಜಿಗಿ ಕಣ್ಣು ಮಂಜು. ಮುಖ ಕಾಣಲ್ಲ, ದೊಡ್ಡ ಬೆಳಕಷ್ಟೇ ಕಾಣ್ತದ. ಈ ಕಂಬದ ನಡುವ ನಡಕೊಂಡು ಬಂದ್ರ ನಾ ಬರೋದು ಆಕಿಗಿ ಕಾಣ್ತದ."

"ಆಕಿಗೇನವ್ವಾ, ತೆಲಂಗಾಣದವರಿಗಿ ಸುದ್ದಾ ಕಾಣ್ತದ!" ಎಂದು ಮಾತು ಕೊಟ್ಟುಬಿಟ್ಟೆ.

ಮದುವೆಯ ದಿನ ಚಿತ್ತಾಪುರ, ಸೇಡಂ, ಚಿಂಚೋಳಿ ದಾಟಿ ಸಂಜೆಯೊಳಗೆ ಕುಂಚಾವರಂ ಸೇರಿದೆವು. ಹಿಂದಿನ ದಿನ ಜೋರು ಮಳೆ ಬಿದ್ದಿತ್ತು. ಕಾಡಿನ ಗಾಳಿ ಎಷ್ಟು ಹಗುರವಾಗಿತ್ತೆಂದರೆ ಉಸಿರು ತೆಗೆದುಕೊಳ್ಳುವುದೇ ಒಂದು ಖುಷಿ. ಮನೆಯ ಮುಂದೆ ಎರಡೂ ಕಡೆ ಬಟ್ಟೆಯ ಪರದೆ ಕಟ್ಟಿ ವೇದಿಕೆಗೆ ದಾರಿ ಮಾಡಿದ್ದರು. ಆ ದಾರಿಯ ಎಡಕ್ಕೆ ಮೂರು, ಬಲಕ್ಕೆ ಮೂರು ಬೀಮ್ ಇಟ್ಟೆವು. ಕತ್ತಲಾದ ಕೂಡಲೇ, ಕಾರ್ಯಕ್ರಮಕ್ಕೆ ಇನ್ನೂ ಒಂದು ತಾಸಿರುವಾಗ, ಟ್ರಯಲ್‌ಗೆ ಹಚ್ಚಿದೆ.

ಅಜ್ಜಿ ಎದುರಿಗೇ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. "ಏನೂ ಕಾಣವಲ್ದಲ್ಲೋ ತಮ್ಮಾ!"

"ನಿನ್ನ ಕಣ್ಣು ಮಂಜು ಅದಾವಬೇ ಯವ್ವಾ. ಭಾಳ ಛಲೋ ಕಾಣ್ಲಿಕತ್ತದ," ಎಂದು ತಲೆ ಎತ್ತಿದೆ. ಕಂಬ ಇಲ್ಲ! ಲೈಟಿನ ಬಾಯಿ ಹೊಳೆಯುತ್ತಿದೆ, ಮೇಲೆ ಬರೀ ಕತ್ತಲು.

ಎಣ್ಣೆ ನೀರು ಹಾಕಿಸಿಕೊಂಡು ಒದ್ದೆ ಕೂದಲಲ್ಲೇ ಅಜ್ಜಿಯನ್ನು ಕರೆಯಲು ಬಂದ ಸರಿತಾ ಅಲ್ಲೇ ನಿಂತಳು. "ಅಂಕಲ್, ನನಗೂ ಕಾಣವಲ್ದು," ಅಂದಳು.

ವೈರು ನೋಡಿದೆ, ಜನರೇಟರ್ ನೋಡಿದೆ, ವೋಲ್ಟೇಜ್ ನೋಡಿದೆ. ಎಲ್ಲ ಸರಿ ಇತ್ತು. ಕರೆಂಟು ಸರಿ ಇಲ್ಲ ಎಂದು ಕೂಗಾಡಿದೆ. ಅಜ್ಜಿ ಮೊಮ್ಮಗಳ ಕೈ ಹಿಡಿದು ಒಳಗೆ ಹೋಗುತ್ತಾ, "ಕುಣೀಲಾರದಾಕಿ ನೆಲಾ ಡೊಂಕು ಅಂದಳಂತ," ಅಂದಳು. ಇಸ್ಮಾಯಿಲ್ ತುಟಿ ಕಚ್ಚಿ ಹಿಡಿದು ಬೀಮಿನ ತಲೆಗಳನ್ನು ಆ ಕಡೆ ಈ ಕಡೆ ತಿರುಗಿಸುತ್ತಲೇ ಇದ್ದ.

ಒಂದು ಬೀಮ್ ಹೋಗಿ ಮನೆಯ ಕಿಟಕಿಗೆ ಬಿತ್ತು. ಒಳಗಿಂದ ಹುಡುಗಿಯರು ಚೀರಿದರು. ತಪ್ಪಾಯಿತು ಎನ್ನಲು ಓಡಿದವನು ಕಿಟಕಿಯಲ್ಲೇ ನಿಂತುಬಿಟ್ಟೆ. ಅಜ್ಜಿ ಕೆಂಡದ ಮೇಲೆ ಲೋಬಾನ ಹಾಕಿ ಸರಿತಾಳ ಕೂದಲಿಗೆ ಹೊಗೆ ಕೊಡುತ್ತಿದ್ದಳು. ಆ ಹೊಗೆಯ ನಡುವೆ, ಕಿಟಕಿಯಿಂದ ಗೋಡೆಯವರೆಗೆ, ನನ್ನ ಬೆಳಕಿನ ಕಂಬ ಅಡ್ಡಡ್ಡ ನಿಂತಿತ್ತು!

"ಸಿಕ್ತೋ ಇಸ್ಮಾಯಿಲ್! ನೀನೇ ಖರೇ, ನಾನೇ ದಡ್ಡ ಕತ್ತಿ!" ಎಂದು ಅಂಗಳದ ತುಂಬ ಕೂಗಿದೆ.

ಬೀಮ್ ಕಾಣಬೇಕಾದರೆ ಬೆಳಕು ಬಡಿಯಲು ಗಾಳಿಯಲ್ಲಿ ಏನಾದರೂ ಇರಬೇಕು. ಶಹಾಬಾದಿನಲ್ಲಿ ಅದನ್ನು ಕಲ್ಲಿನ ಪುಡಿ ಪುಕ್ಕಟೆ ಒದಗಿಸಿತ್ತು. ನಾನು ಅದನ್ನು ನನ್ನ ಲೈಟಿನ ತಾಕತ್ತು ಅಂದುಕೊಂಡಿದ್ದೆ. ಅಡುಗೆಯವರಿಂದ ಆರು ಮಣ್ಣಿನ ಕುಂಡದಲ್ಲಿ ಕೆಂಡ ತಂದೆವು, ಓಣಿಯವರು ಮನೆಮನೆಯಿಂದ "ಸಾಂಬ್ರಾಣಿ, ಸಾಂಬ್ರಾಣಿ" ಎನ್ನುತ್ತ ಮುಷ್ಟಿಗಟ್ಟಲೆ ಲೋಬಾನ ತಂದು ಸುರಿದರು. ಪರದೆಗೆ ತಾಗದಂತೆ, ಗಾಳಿ ಬರುವ ದಿಕ್ಕಿಗೆ ಕುಂಡಗಳನ್ನು ಇಟ್ಟು, ಪಕ್ಕದಲ್ಲಿ ನೀರಿನ ಕೊಡ ಇಟ್ಟೆವು. ಹೊಗೆ ದಾರಿಯುದ್ದಕ್ಕೂ ಹರಡಿತು.

ಇಸ್ಮಾಯಿಲ್ ಹಾಡು ಹಚ್ಚಿದ, ನಾನು ಲೈಟು ಹಚ್ಚಿದೆ. ಆರು ಕಂಬ ಒಮ್ಮೆಲೇ ಎದ್ದವು! ಊರಿಗೆ ಊರೇ ಸಿಳ್ಳೆ ಹೊಡೆಯಿತು. ಘಮಘಮ ವಾಸನೆಯ ನಡುವೆ ಸರಿತಾ ಕುಣಿಯುತ್ತ ಬಂದಳು. ಅವಳು ದಾಟಿದಂತೆಲ್ಲ ಒಂದೊಂದು ಕಂಬ ಅವಳ ಕಡೆ ಬಾಗುವಂತೆ ಮಾಡಿದೆ. ಅಜ್ಜಿ ಕುರ್ಚಿಯಿಂದ ಎದ್ದು, ಬೆಳಕು ಬಾಗಿದ ಕಡೆಗೇ ಸರಿಯಾಗಿ ಎರಡೂ ಕೈ ಚಾಚಿದಳು. ನನಗೆ ಅಳು ನಗು ಎರಡೂ ಬಂತು.

ಅಷ್ಟರಲ್ಲೂ ಮುದುಕಿ ನನ್ನನ್ನು ಬಿಡಲಿಲ್ಲ. "ಈಗ ಕಂಡ್ತು ನೋಡೋ ತಮ್ಮಾ. ನನ್ನ ಕಣ್ಣೇ ಮಂಜು ಅಂತ ಹೆಸರಿಟ್ಟಿದ್ಯಲ್ಲ!"

ಈಗ ನಮ್ಮ ಸೆಟ್ಟಿನಲ್ಲಿ ಎಂಟು ಪಾರ್ ಇವೆ, ಹೊಗೆ ಮಷೀನೂ ಇದೆ. ಲೈಟು ಆರಿಸುವವನು ಮೊದಲು ಅದು ಬೆಳಗುವ ಜಾಗದ ಗಾಳಿ ನೋಡಬೇಕು ಎಂಬುದನ್ನು ಈ ಕೆಲಸ ನನಗೆ ಕಲಿಸಿತು. ಯಾವ ಊರಿಗೆ ಹೋದರೂ ಮೊದಲು ಟಾರ್ಚ್ ಹಚ್ಚಿ ಮೇಲಕ್ಕೆ ಹಿಡಿಯುತ್ತೇನೆ. ನಮ್ಮ ಶಹಾಬಾದಿನ ಅಂಗಳದಲ್ಲಿ ಹೊಗೆ ಇಲ್ಲದೆಯೇ ಕಂಬ ಇವತ್ತಿಗೂ ಜೋರಾಗಿ ನಿಲ್ಲುತ್ತದೆ. ಮೊದಲು ಅದನ್ನು ನೋಡಿ ಎದೆ ಉಬ್ಬಿಸುತ್ತಿದ್ದೆ. ಈಗ ಮೂಗಿಗೆ ಟವೆಲ್ ಕಟ್ಟಿಕೊಳ್ಳುತ್ತೇನೆ.