ಹೀರೇಮಿಡಿಗೆ ತೋರಿಸಿದ ಬೆರಳು

ಮಾಳಿಗೆಯ ಮೇಲೆ ಹಳೇ ಡಬ್ಬಿಯಲ್ಲಿ ನಾನು ಊರಿದ್ದ ಹೀರೇಬೀಜ ಬಳ್ಳಿಯಾಗಿ, ಇವತ್ತು ಮೊದಲ ಮಿಡಿ ಬಿಟ್ಟಿದೆ. ಕಂಡೊಡನೆ ನನ್ನ ಬಲಗೈ ತಾನೇ ಮುಷ್ಟಿಯಾಯಿತು.

ಚಿಕ್ಕವಳಿದ್ದಾಗ, ಅಕ್ಕೋಳ ಊರಿನ ನಮ್ಮ ಮನೆಯ ಹಿತ್ತಲಲ್ಲಿ ಅಜ್ಜಿ ಹಬ್ಬಿಸಿದ್ದ ಬಳ್ಳಿಯ ಮಿಡಿಯನ್ನು ಒಮ್ಮೆ ಬೆರಳು ಮಾಡಿ ತೋರಿಸಿದ್ದೆ. “ಬಟ್ಟ ಮಾಡಬ್ಯಾಡ ಬೇ, ಮಿಡಿ ಕೊಳೀತೈತಿ” ಎಂದು ಅಜ್ಜಿ ಗದರಿದಳು. ಮೂರನೇ ದಿನ ಅದು ಹಳದಿಯಾಗಿ ಉದುರಿತ್ತು.

ಆಗ ಅವ್ವ ಬಸುರಿ. “ಕೂಸು ಒದಿಯಾಕತ್ತೈತಿ, ಮುಟ್ಟಿ ನೋಡ” ಎಂದು ನನ್ನ ಕೈಯನ್ನು ಹೊಟ್ಟೆಯ ಮೇಲಿಡಲು ಎಳೆದಳು. ನಾನು ಕಿತ್ತುಕೊಂಡು ಓಡಿದೆ. ಹೆರಿಗೆಯಾಗುವವರೆಗೂ ಆ ಬೆರಳನ್ನು ಮುಷ್ಟಿಯೊಳಗೇ ಮುಚ್ಚಿಟ್ಟಿದ್ದೆ. ಯಾಕೆಂದು ಯಾರಿಗೂ ಹೇಳಲಿಲ್ಲ.

ಅಂದು ಹುಟ್ಟಿದ ತಂಗಿ ಈಗ ಮೆಟ್ಟಿಲೇರಿ ಬಂದು, “ಅಕ್ಕಾ, ಮಿಡಿ ಬಿಟ್ಟೈತಲ್ಲ” ಎಂದು ಬೆರಳು ಚಾಚಿದಳು. ಅವಳೀಗ ಏಳು ತಿಂಗಳ ಬಸುರಿ. ಆ ಬೆರಳನ್ನು ಗಪ್ಪನೆ ಹಿಡಿದು ಮಡಚಿದೆ.