ಪ್ಲೈವುಡ್ಡಿನ ಮೇಲೆ ಅಜ್ಜಿಯ ಆರತಿ ಹಾಡು

ನಾನು ಅಜ್ಜಿಯ ಧ್ವನಿಯನ್ನು ಉಳಿಸಿದೆನಂತೆ. ಪರಿಚಯದವರೆಲ್ಲ ಹೇಳುವ ಕಥೆ ಇದು. ಉಳಿಸುವುದಕ್ಕೆ ಆ ಧ್ವನಿ ಎಲ್ಲಿಗೆ ಹೊರಟಿತ್ತು? ಮಂಡ್ಯದಿಂದ ಕಡಲು ದಾಟಿ ಬಂದ ಅಜ್ಜಿ ಕ್ಯಾಂಪ್‌ಬೆಲ್‌ನ ನಮ್ಮ ಅಪಾರ್ಟ್‌ಮೆಂಟಿನ ಸೋಫಾದ ಮೇಲೆ ಗಟ್ಟಿಮುಟ್ಟಾಗಿಯೇ ಕೂತಿದ್ದರು.

ನನಗಿದ್ದದ್ದು ಬರೀ ಹಟ. ಗ್ರಾಮಫೋನ್ ತಟ್ಟೆಯನ್ನು ನಮ್ಮಂಥವರಿಂದ ಮಾಡಲಾಗದು ಎಂದು ಡಿಬೇಟ್ ಕ್ಲಬ್ಬಿನ ಗೆಳೆಯನೊಬ್ಬ ವಾದಿಸಿದ್ದ. ವಾದ ಬಿಟ್ಟುಕೊಡುವ ಜಾಯಮಾನ ನನ್ನದಲ್ಲ. ತ್ರೀ-ಡಿ ಪ್ರಿಂಟರಿನಲ್ಲಿ ಮಾಡಿದ ಪ್ಲಾಸ್ಟಿಕ್ ತಟ್ಟೆ ಸೊಳ್ಳೆಯಂತೆ ಗುಂಯ್‌ಗುಟ್ಟಿತಷ್ಟೆ. ಆಮೇಲೆ ಲೈಬ್ರರಿಯ ಲೇಸರ್ ಕಟರಿನಲ್ಲಿ, ತೆಳು ಪ್ಲೈವುಡ್ಡಿನ ಮೇಲೆ, ಅಜ್ಜಿಯ ಆರತಿ ಹಾಡನ್ನು ಗೀರುಗಳಾಗಿ ಸುಟ್ಟೆ. ಹಳೆಯ ಟರ್ನ್‌ಟೇಬಲ್ಲಿನ ಮುಳ್ಳು ಇಟ್ಟರೆ, ಒಗ್ಗರಣೆ ಸಿಡಿಯುವಂಥ ಸದ್ದಿನ ಹಿಂದೆ ಅಜ್ಜಿ ಹಾಡುತ್ತಿದ್ದರು. ಎರಡೇ ನುಡಿ, ಅಷ್ಟಕ್ಕೆ ತಟ್ಟೆಯಲ್ಲಿ ಜಾಗ ಮುಗಿಯುತ್ತಿತ್ತು.

ಇಲ್ಲಿನ ಪೂಜೆಗಳಲ್ಲಿ ಆರತಿಯ ಹೊತ್ತಿಗೆ ಒಂದು ಪರದಾಟ ಇದ್ದೇ ಇರುತ್ತದೆ. "ನೀವ್ ಹೇಳಿ." "ಅಯ್ಯೋ, ನಂಗೆಲ್ಲಿ ಬರತ್ತೆ, ನೀವೇ ಹೇಳಿ." ಕೊನೆಗೆ ಎಲ್ಲರೂ ಅಜ್ಜಿಯ ಕಡೆ ತಿರುಗುತ್ತಿದ್ದರು. ಕಾರು ಓಡಿಸಲು ಬಾರದ, ಇಂಗ್ಲಿಷ್ ಬಾರದ ಅಜ್ಜಿ ಈ ಊರಿನಲ್ಲಿ ಯಾರಿಗಾದರೂ ಬೇಕಾಗುತ್ತಿದ್ದದ್ದು ಆ ಒಂದು ಗಳಿಗೆಯಲ್ಲಿ. ಈಗ ಆಂಟಿಯರು ಫೋನು ಮಾಡಿ, "ಪುಟ್ಟಿ, ಡಿಸ್ಕ್ ತರೋದು ಮರೀಬೇಡ" ಎನ್ನುತ್ತಾರೆ. ಶುಕ್ರವಾರ ಬಂತೆಂದರೆ ಟರ್ನ್‌ಟೇಬಲ್ ಹೊತ್ತು ನಾನು, ನನ್ನ ಹಿಂದೆ ಅಜ್ಜಿ. ಒಲ್ಲೆ ಎಂದರೆ ಅಮ್ಮನಿಗೆ ಅವಮಾನ, ಹೋದರೆ ನನಗೆ ಚಪ್ಪಾಳೆ, ಅಜ್ಜಿಗೆ ಮೂಲೆಯ ಕುರ್ಚಿ. ಎರಡೂ ಪಕ್ಷ ವಹಿಸಿ ನನ್ನೊಳಗೇ ವಾದಿಸಿ ನೋಡಿದೆ, ಹೊರಬರುವ ದಾರಿ ಸಿಗಲಿಲ್ಲ.

ಮೊನ್ನೆ ಸಾಂಟಾ ಕ್ಲಾರಾದ ಮನೆಯೊಂದರಲ್ಲಿ ಧೈರ್ಯ ಮಾಡಿದೆ. "ಇವತ್ತು ಡಿಸ್ಕ್ ಬೇಡ ಆಂಟಿ, ಅಜ್ಜಿನೇ ಹೇಳ್ತಾರೆ."

"ಪಾಪ, ಅವ್ರಿಗ್ಯಾಕೆ ಸುಮ್ನೆ ಸ್ಟ್ರೈನು?" ಎಂದರು ಆ ಮನೆಯ ಆಂಟಿ.

ಅಜ್ಜಿಯೂ ಅವರ ಪಕ್ಷವೇ. "ಅದನ್ನೇ ಆಕು ಮಗ. ಅದುಕ್ಕಾದ್ರೆ ಕೆಮ್ಮು ಬರಾಕಿಲ್ಲ."

ಎಲ್ಲರೂ ನಕ್ಕರು. ನಾನು ಮುಳ್ಳು ಇಟ್ಟೆ. ಎರಡು ನುಡಿ ಮುಗಿಯುತ್ತಲೇ ಆರತಿ ಕೆಳಗಿಳಿಯಿತು, ಪ್ರಸಾದದ ಗದ್ದಲ ಶುರುವಾಯಿತು. ಕೊನೆಯ ಮಂಗಳದ ನುಡಿ ಹೇಳದೆ ಆರತಿ ಇಳಿಸಬಾರದು ಎಂದು ನನಗೆ ಹೇಳಿಕೊಟ್ಟವರೇ ಅಜ್ಜಿ. ಮೂಲೆಯ ಕುರ್ಚಿಯಲ್ಲಿ ಅವರ ತುಟಿ ಇನ್ನೂ ಆಡುತ್ತಿತ್ತು, ದನಿಯಿಲ್ಲದೆ, ಉಳಿದ ನುಡಿಗಳಿಗೆ. ಅದು ನಿಲ್ಲುವವರೆಗೂ ಕಾದು, ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಕೇಳಿದೆ:

"ಅಜ್ಜಿ, ಈ ಡಿಸ್ಕು ಮುರಿದು ಹಾಕ್ಬಿಡ್ಲಾ?"