ಒಂದೂ ರೇಸ್ ಗೆಲ್ಲದ ಇಟಲಿಯವನು

ಮಸ್ಕತ್‌ನ ರೂವಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಕೆಲಸಕ್ಕೆ ನಾನು ಸೇರಿ ಆಗ ಒಂಬತ್ತು ವರ್ಷವಾಗಿತ್ತು. ನಮ್ಮ ಕೋಣೆಗೆ ಬರುವವರು ಹೆಚ್ಚಾಗಿ ಕಟ್ಟಡದ ಕೆಲಸದಲ್ಲಿ ಬಿದ್ದವರು, ಬಚ್ಚಲಲ್ಲಿ ಜಾರಿದ ಅಜ್ಜಿಯರು. ಫೆಬ್ರವರಿಯ ಒಂದು ಮಧ್ಯಾಹ್ನ ಗಾಲಿಕುರ್ಚಿಯಲ್ಲಿ ಬಂದವನು ಬೇರೆಯೇ ತರದವನು. ಮೈಗಂಟಿದ ಬಣ್ಣದ ಬಟ್ಟೆ ಬಲಭಾಗದಲ್ಲಿ ಹರಿದು ಹೋಗಿತ್ತು. ತೊಡೆಯ ಚರ್ಮ ಕಿತ್ತು ಅದರಲ್ಲಿ ರಸ್ತೆಯ ಕರಿ ಪುಡಿ ಅಂಟಿಕೊಂಡಿತ್ತು. ಕೈಕಾಲು ಕಡ್ಡಿಯ ಹಾಗೆ ಸಣ್ಣ, ತೊಡೆ ಮಾತ್ರ ಮರದ ದಿಮ್ಮಿ. ಜೊತೆಯಲ್ಲಿ ತಂಡದ ಮಾಲೀಶಿನವನು, ನೆರೆತ ಕೂದಲಿನ ಮನುಷ್ಯ, ಮೊಬೈಲ್ ಕಿವಿಗಿಟ್ಟುಕೊಂಡು ನಿಂತಿದ್ದ.

ಪ್ರತಿ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಯುರೋಪಿನ ತಂಡಗಳು ಮಸ್ಕತ್‌ಗೆ ಬಂದು ಕೆಲವು ದಿನ ಸೈಕಲ್ ರೇಸ್ ಓಡುತ್ತವೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಅಷ್ಟೇ, ಆ ದಿನಗಳಲ್ಲಿ ರಸ್ತೆ ಮುಚ್ಚಿ ಡ್ಯೂಟಿಗೆ ತಡವಾಗುತ್ತದೆ ಎಂಬ ಕಾರಣಕ್ಕೆ.

ಅವನನ್ನು ಯಂತ್ರದ ಮುಂದೆ ನಿಲ್ಲಿಸಿದೆ. ಗದ್ದ ಎತ್ತಿಸಿ, ಭುಜ ಹಿಂದಕ್ಕೆ ಮಾಡಿಸಲು ನನ್ನದೇ ಕೊರಳ ಕೆಳಗಿನ ಎಲುಬಿನ ಮೇಲೆ ಕೈಯಿಟ್ಟು ತೋರಿಸಿದೆ. ಅವನು ಹಲ್ಲು ಕಚ್ಚಿ ನಿಂತ. ನಾನು ಚಿತ್ರ ತೆಗೆದು ಬಂದಾಗ ಅವನು ಕೇಳಿದ ಮೊದಲ ಪ್ರಶ್ನೆ ಎಲುಬಿನದಲ್ಲ. ಮಾಲೀಶಿನವನ ಕಡೆ ತಿರುಗಿ ಏನೋ ಕೇಳಿದ. ಉತ್ತರ ಬಂದ ಕೂಡಲೇ ಮುಖ ಅರಳಿತು.

"ಏನಂತೆ?" ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದೆ.

"ನಮ್ಮ ನಾಯಕ ಹಿಂದೆ ಬೀಳಲಿಲ್ಲವಂತೆ. ಮೂರನೇ ಸ್ಥಾನ ಉಳಿಯಿತು."

"ಮತ್ತೆ ನಿಮ್ಮದು?"

"ನನ್ನದು ಮುರಿದಿದೆ. ರಿಪೋರ್ಟ್ ನೀವು ಹೇಳುವ ಹಾಗಿಲ್ಲ, ನನಗೆ ಗೊತ್ತು. ಬಿದ್ದಾಗಲೇ ಸದ್ದು ಕೇಳಿಸಿತು."

ಮೂಳೆ ಡಾಕ್ಟರು ಆಪರೇಶನ್‌ನಲ್ಲಿದ್ದರು. ಆ ಮುಕ್ಕಾಲು ಗಂಟೆ ಅವನು ನಮ್ಮ ಕೋಣೆಯಲ್ಲೇ ಕುಳಿತ. ಪರದೆಯ ಮೇಲೆ ಬಲಗಡೆಯ ಹೊಸ ಮುರಿತ ಇತ್ತು, ಎಡಗಡೆ ಹಳೆಯದೊಂದು ಲೋಹದ ಪಟ್ಟಿ, ಆರು ಸ್ಕ್ರೂ. ಪಕ್ಕೆಲುಬುಗಳಲ್ಲಿ ಕೂಡಿಕೊಂಡ ಗುರುತುಗಳು. ಅವನು ಎಡಗೈಯಿಂದ ಒಂದೊಂದನ್ನೇ ತೋರಿಸಿದ. ಪಟ್ಟಿ ಮಳೆಯಲ್ಲಿ ಕಲ್ಲುಹಾಸಿನ ರಸ್ತೆಯಲ್ಲಿ ಜಾರಿದ್ದಕ್ಕೆ. ಪಕ್ಕೆಲುಬು ನಾಯಿಯೊಂದು ಅಡ್ಡ ಬಂದದ್ದಕ್ಕೆ. "ನಾಯಿಗೆ ಏನೂ ಆಗಲಿಲ್ಲ" ಎಂದು ಸೇರಿಸಿದ.

ಅವನು ಉತ್ತರ ಇಟಲಿಯ ಒಂದು ಊರಿನವನು. ತಂದೆ ಗಾರೆ ಕೆಲಸದವರು, ತಾಯಿ ಕಾಲುಚೀಲದ ಕಾರ್ಖಾನೆಯಲ್ಲಿದ್ದವರು. ಹದಿನೇಳರ ಪ್ರಾಯದಲ್ಲಿ ಜಿಲ್ಲೆಯಲ್ಲಿ ಅವನನ್ನು ಹಿಡಿಯುವವರಿರಲಿಲ್ಲವಂತೆ. ದೊಡ್ಡ ತಂಡಕ್ಕೆ ಸೇರಿದ ಮೇಲೆ ಎಲ್ಲ ಊರುಗಳಿಂದಲೂ ಅಂಥವರೇ ಬಂದಿದ್ದು ಕಂಡಿತು. ಮೂರನೇ ವರ್ಷ ತಂಡದ ಹಿರಿಯರು ಕೂರಿಸಿಕೊಂಡು ಹೇಳಿದರು: ನೀನು ಗೆಲ್ಲುವವನಲ್ಲ, ಆದರೆ ನೀನಿದ್ದರೆ ಇನ್ನೊಬ್ಬ ಗೆಲ್ಲುತ್ತಾನೆ.

"ನೀವು ಏನು ಮಾಡಿದಿರಿ?"

"ಮನೆಗೆ ಹೋಗಿ ಅತ್ತೆ. ಎರಡು ದಿನ ಸೈಕಲ್ ಮುಟ್ಟಲಿಲ್ಲ. ಮೂರನೇ ದಿನ ಒಳ್ಳೇ ಬಿಸಿಲಿತ್ತು, ಹೊರಟೆ."

ಅಲ್ಲಿಂದ ಅವನ ಕೆಲಸ ಬೇರೆಯಾಯಿತು. ತಂಡದ ಕಾರಿನವರೆಗೆ ಹಿಂದೆ ಬಂದು, ಅಂಗಿಯೊಳಗೆಲ್ಲ ನೀರಿನ ಬಾಟಲಿ ತುಂಬಿಕೊಂಡು, ಮತ್ತೆ ಎಲ್ಲರನ್ನೂ ದಾಟಿ ಮುಂದಿದ್ದವರಿಗೆ ಹಂಚುವುದು. ಗಾಳಿ ಎದುರಾದಾಗ ನಾಯಕನ ಮುಂದೆ ನಿಂತು ತುಳಿಯುವುದು, ಹಿಂದಿದ್ದವನ ಶಕ್ತಿ ಉಳಿಯಲಿ ಎಂದು. ನಾಯಕನ ಚಕ್ರ ಪಂಕ್ಚರ್ ಆದರೆ ತನ್ನದನ್ನು ಬಿಚ್ಚಿಕೊಡುವುದು. ಈ ದಿನ ಬಿದ್ದದ್ದೂ ನೀರು ಹೊತ್ತು ಬರುವಾಗಲೇ. ಹನ್ನೊಂದು ವರ್ಷ ಓಡಿದ್ದಾನೆ, ಒಂದೂ ರೇಸ್ ಗೆದ್ದಿಲ್ಲ. ಇದನ್ನು ಹೇಳುವಾಗ ಅವನ ದನಿಯಲ್ಲಿ ನಾಚಿಕೆಯೂ ಇರಲಿಲ್ಲ, ಜಂಬವೂ ಇರಲಿಲ್ಲ. ತನಗೆ ಎಷ್ಟು ಮಕ್ಕಳು ಎಂದು ಹೇಳುವ ಹಾಗೆ ಹೇಳಿದ.

ದಾರ್ಸೈಟ್‌ನ ಮನೆಗೆ ಬಂದು ಗಂಡನಿಗೆ ಹೇಳಿದರೆ ಅವರು ನಕ್ಕರು. "ಹನ್ನೊಂದು ವರ್ಷ ಓಡಿ ಒಂದೂ ಗೆಲ್ಲಲಿಲ್ವಾ? ಮತ್ತೆ ಎಂತಕ್ಕೆ ಓಡುದು ಮಾರಾಯ್ತಿ?"

"ಅದು ಅವನ ಕೆಲಸ ಅಲ್ವಾ?"

"ಕೆಲಸ ಹೌದು. ಆದ್ರೂ ಒಂದಾದ್ರೂ ಬೇಡ್ವಾ?"

ಅವನ ಓಟ ನೋಡಿಯೇ ಬಿಡೋಣ ಎಂದು ಮುಂದಿನ ಫೆಬ್ರವರಿಯಲ್ಲಿ ಒಂದು ದಿನ ರಜೆ ಹಾಕಿದೆ. ರೇಸ್ ಅಮಿರಾತ್ ಬೆಟ್ಟದ ರಸ್ತೆ ಹತ್ತುವ ದಿನ ಅದು. ಗಂಡ ಗೊಣಗಿಕೊಂಡೇ ಕಾರು ತೆಗೆದರು. ಶಾಲೆಯಿಂದ ಬೇಗ ಬಂದ ಮಗಳೂ ಹೊರಟಳು. ರಸ್ತೆ ಮುಚ್ಚುವ ಮೊದಲೇ ಕಾರು ಬದಿಗೆ ನಿಲ್ಲಿಸಿ ತಿರುವೊಂದರವರೆಗೆ ನಡೆದೆವು. ನೆರಳೇ ಇಲ್ಲದ ಕಂದು ಬಂಡೆ. ಪಕ್ಕದಲ್ಲಿ ಚಾಪೆ ಹಾಸಿ ಕೂತಿದ್ದ ಒಮಾನಿ ಕುಟುಂಬದ ಹಿರಿಯರು ನಮಗೂ ಖರ್ಜೂರ, ಸಣ್ಣ ಬಟ್ಟಲಲ್ಲಿ ಕಹ್ವಾ ಎಂಬ ಕಾಫಿ ಕೊಟ್ಟರು.

ಮೊದಲು ಪೊಲೀಸ್ ಬೈಕುಗಳು ಬಂದವು. ಹಿಂದೆ ಸೈಕಲ್‌ಗಳ ಉದ್ದ ಸಾಲು. ಸಾಲಿನ ಎಲ್ಲಕ್ಕಿಂತ ಮುಂದೆ, ಬಾಯಿ ತೆರೆದು, ಜೊಲ್ಲು ಗಲ್ಲಕ್ಕೆ ಅಂಟಿಕೊಂಡು, ಅವನೇ!

"ಮಮ್ಮಿ, ಹಿ ಈಸ್ ಫಸ್ಟ್! ಹಿ ಈಸ್ ವಿನ್ನಿಂಗ್!" ಎಂದು ಮಗಳು ಕುಣಿದಳು.

ಅವನ ಚಕ್ರಕ್ಕೆ ಅಂಟಿಕೊಂಡ ಹಾಗೆ ನಾಯಕ ಬರುತ್ತಿದ್ದ. ಅವನು ಎಳೆಯುತ್ತಿದ್ದ ವೇಗಕ್ಕೆ ಹಿಂದಿನ ಸಾಲು ಹರಿದು ಚೂರಾಗಿತ್ತು. ನಮ್ಮನ್ನು ದಾಟಿ ಒಂದು ಐವತ್ತು ಮಾರು ಹೋಗಿರಬೇಕು. ಒಮ್ಮೆಲೇ ಬದಿಗೆ ಸರಿದ. ನಾಯಕ ಮತ್ತು ನಾಲ್ಕೈದು ಜನ ಅವನನ್ನು ದಾಟಿ ಮೇಲೆ ಹೋದರು. ಆಮೇಲೆ ಉಳಿದವರೂ ದಾಟಿದರು. ಅವನ ಸೈಕಲ್ ನಿಂತೇ ಬಿಟ್ಟಿತೋ ಎನ್ನುವಷ್ಟು ನಿಧಾನವಾಯಿತು. ಹ್ಯಾಂಡಲ್ ಮೇಲೆ ತಲೆ ಬಾಗಿಸಿ ಅವನು ಬಾಟಲಿ ಎತ್ತಿ ಅಲುಗಿಸಿ ನೋಡಿದ, ವಾಪಸ್ ಇಟ್ಟ.

"ಪಾಪ, ಅವನ ಬಾಟ್ಲಿಯೇ ಖಾಲಿ!" ಎಂದರು ನನ್ನ ಗಂಡ. ಹೇಳಿದ್ದಷ್ಟೇ ಅಲ್ಲ, ಮಗಳ ಕೈಯಲ್ಲಿದ್ದ ನೀರಿನ ಬಾಟಲಿ ಕಿತ್ತುಕೊಂಡು ಚಪ್ಪಲಿಯಲ್ಲೇ ಏರು ರಸ್ತೆಯಲ್ಲಿ ಓಡಿದರು. ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಅವರು ಓಡಿದ್ದನ್ನು ನಾನು ಕಂಡಿರಲಿಲ್ಲ. ಒಮಾನಿ ಮಕ್ಕಳು "ಯಲ್ಲಾ, ಯಲ್ಲಾ!" ಎಂದು ಹುರಿದುಂಬಿಸಿ ಕೂಗಿದರು. ಅದು ಸೈಕಲ್‌ನವನಿಗೋ ನನ್ನ ಗಂಡನಿಗೋ ತಿಳಿಯಲಿಲ್ಲ. ಅವನು ನೀರು ತೆಗೆದುಕೊಂಡ, ಅರ್ಧ ಕುಡಿದ, ಅರ್ಧ ತಲೆಗೆ ಸುರಿದುಕೊಂಡ, ಒಂದು ಕೈ ಎತ್ತಿ ತಿರುವಿನಲ್ಲಿ ಮರೆಯಾದ.

ಏದುಸಿರು ಬಿಡುತ್ತ ಬಂದ ಗಂಡ ಕಲ್ಲಿನ ಮೇಲೆ ಕುಳಿತರು. "ಎಲ್ಲರನ್ನೂ ಮೇಲೆ ಹತ್ತಿಸಿ ಅವ ಒಬ್ಬನೇ ಹಿಂದೆ ಉಳಿದ, ನೋಡು."

ಕೊನೆಯ ದಿನ ಮತ್ರಾದ ಸಮುದ್ರದಂಡೆಯ ರಸ್ತೆಯಲ್ಲಿ ರೇಸ್ ಮುಗಿಯುವುದಿತ್ತು. ನಮ್ಮ ಮನೆಗೆ ಹತ್ತಿರ. ಈ ಸಲ ಹೋಗೋಣ ಎಂದವರು ಗಂಡ. ಎಲ್ಲ ದಿನಗಳ ಲೆಕ್ಕ ಸೇರಿಸಿ ನಾಯಕ ಮೊದಲಿಗನಾಗಿ ಗೆದ್ದ. ಕ್ಯಾಮೆರಾದವರು ಸುತ್ತ ಮುತ್ತಿದ್ದರೂ ಆತ ವೇದಿಕೆಗೆ ಹೋಗದೆ ಬೇಲಿಯ ಹತ್ತಿರವೇ ನಿಂತಿದ್ದ. ಕೆಲವು ನಿಮಿಷ ಕಳೆದು ನಮ್ಮವನು ಬಂದ. ನಾಯಕ ಅವನ ಹೆಲ್ಮೆಟನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಹಣೆ ಹಚ್ಚಿದ. ಇಬ್ಬರೂ ಅಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ, ಸೆರಗಿಲ್ಲದ ಚೂಡಿದಾರದ ತೋಳಿಗೇ ಕಣ್ಣೊರಸಿಕೊಂಡೆ.

ಆಮೇಲೆ ತಂಡದ ವಾಹನದ ಬಳಿ ಹೋಗಿ ಮಾತಾಡಿಸಿದೆ. ಅವನಿಗೆ ಗುರುತು ಸಿಗಲಿಲ್ಲ. ಗದ್ದ ಎತ್ತಿ, ಕೊರಳ ಕೆಳಗೆ ಕೈಯಿಟ್ಟು ತೋರಿಸಿದೆ. ಜೋರಾಗಿ ನಕ್ಕು, "ನನ್ನ ಎಲುಬಿನ ಫೋಟೋಗ್ರಾಫರ್!" ಎಂದು ಮಾಲೀಶಿನವನನ್ನು ಕೂಗಿ ಕರೆದ. ನನ್ನ ಗಂಡನನ್ನು ನೋಡಿ, "ನೀರು! ನೀವೇ!" ಎಂದು ಕೈ ಕುಲುಕಿದ.

ಗಂಡ ಕೇಳಿಯೇ ಬಿಟ್ಟರು, "ನಿಮಗೆ ಗೆಲ್ಲಬೇಕು ಅಂತ ಅನಿಸುದಿಲ್ವಾ?" ನಾನು ಇಂಗ್ಲಿಷಿಗೆ ತಿರುಗಿಸಿದೆ.

ಅವನು ವೇದಿಕೆಯ ಕಡೆ ಕೈ ತೋರಿಸಿದ. "ಇವತ್ತು ಗೆದ್ದೆನಲ್ಲ!" ಕೈ ಇಳಿಸಿ, "ಅನಿಸುತ್ತದೆ. ಕೆಲವು ಸಲ" ಎಂದ. ಇದೇ ತನ್ನ ಕೊನೆಯ ವರ್ಷ ಎಂದೂ ಹೇಳಿದ. ಹೊರಡುವಾಗ ನನ್ನ ಫೋನ್ ನಂಬರ್ ಬರೆದುಕೊಂಡ.

ಆ ಶರತ್ಕಾಲದಲ್ಲಿ ಅವನ ಸಂದೇಶ ಬಂತು. ಕೊನೆಯ ರೇಸ್ ಅವನ ಊರಿನ ಮೇಲೇ ಹಾದು ಹೋಗುವುದಿತ್ತಂತೆ. ಬೆಳಿಗ್ಗೆ ನಾಯಕ ಹೇಳಿದ, "ಇವತ್ತು ನನಗಾಗಿ ಓಡಬೇಡ. ಹೋಗು." ಇವನು ಹೋದ. ಮೂರು ಗಂಟೆ ಒಬ್ಬನೇ ಮುಂದೆ ಓಡಿದ. ಮುಗಿಯಲು ಎರಡು ಕಿಲೋಮೀಟರ್ ಇರುವಾಗ ಹಿಂದಿನವರು ಹಿಡಿದು ದಾಟಿದರು.

ಅವನ ತಾಯಿ ಮನೆಯ ಮುಂದೆ ರಸ್ತೆಬದಿಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರಂತೆ. ಮಗ ಒಬ್ಬನೇ ಮುಂದೆ ಹೋಗುವುದನ್ನು ನೋಡಿ, ಕುರ್ಚಿ ಎತ್ತಿಕೊಂಡು ಒಳಗೆ ಹೋಗಿ, ಬೀದಿಗೆಲ್ಲ ಸುದ್ದಿ ಕೊಟ್ಟು, ಅಡುಗೆಗೆ ನಿಂತಿದ್ದರು. ಇವನು ಊಟಕ್ಕೆ ಕೂತು ಹೇಳಿದ, "ಅಮ್ಮಾ, ನಾನು ಗೆಲ್ಲಲಿಲ್ಲ. ಕೊನೆಯಲ್ಲಿ ಹಿಡಿದುಬಿಟ್ಟರು."

ಆಕೆ ತಟ್ಟೆಗೆ ಇನ್ನಷ್ಟು ಬಡಿಸಿ, "ಅಲ್ಲಿಯದು ನನಗೆ ಗೊತ್ತಿಲ್ಲ. ನಮ್ಮ ಮನೆಯ ಮುಂದೆ ನೀನೇ ಮೊದಲು. ನಾನು ಕಣ್ಣಾರೆ ನೋಡಿದ್ದೇನೆ" ಎಂದರಂತೆ.